ಕವೆಂಟ್ರಿಗೆ ಕಳಿಸಿದ್ದು

ಹಡರ್ಸ್‌ಫೀಲ್ಡ್ ಪೇಟೆಯಾಚೆ, ಕೋಲ್ನ್ ಹೊಳೆಯ ದಂಡೆಯಲ್ಲಿದ್ದ ಉಣ್ಣೆ ಗಿರಣಿಯ ಮೂರನೆಯ ಮಹಡಿಯಲ್ಲಿ ರಫೂ ಕೋಣೆ ಇತ್ತು. ಉತ್ತರದ ಗೋಡೆಯ ಉದ್ದಕ್ಕೂ ಆಳೆತ್ತರದ ಕಿಟಕಿಗಳು. ಅವುಗಳ ಬುಡದಲ್ಲಿ ಇಳಿಜಾರು ಮೇಜುಗಳು. ಒಂದೊಂದು ಮೇಜಿಗೆ ಒಬ್ಬೊಬ್ಬಳಂತೆ ಇಪ್ಪತ್ತೆರಡು ಹೆಂಗಸರು. ಮಗ್ಗದಿಂದ ಇಳಿದ ಬಟ್ಟೆಯ ತಾನನ್ನು ಮೇಜಿನ ಮೇಲೆ ಎಳೆದುಕೊಂಡು, ಗಂಟಿದ್ದಲ್ಲಿ ಚಿಮಟದಿಂದ ಕಿತ್ತು, ಎಳೆ ತಪ್ಪಿದ್ದಲ್ಲಿ ಸೂಜಿಯಿಂದ ಹಾಸು ಹೊಕ್ಕುಗಳ ನಡುವೆ ಮತ್ತೆ ನೇಯ್ದು, ಅಲ್ಲಿ ಎಂದೂ ಏನೂ ಆಗಿಯೇ ಇರಲಿಲ್ಲವೆನ್ನುವ ಹಾಗೆ ಮಾಡುವುದು ಅವರ ಕೆಲಸ. ಲಂಡನ್ನಿನಲ್ಲಿ ಆ ಬಟ್ಟೆಯ ಸೂಟು ಹಾಕಿಕೊಂಡು ಓಡಾಡುವವನಿಗೆ ಇವರೊಬ್ಬರು ಇದ್ದಾರೆಂದು ಗೊತ್ತಾಗದಿದ್ದರೆ ಅದೇ ಇವರ ಹೆಚ್ಚುಗಾರಿಕೆ.

ಕೆಳಗಿನ ಮಗ್ಗದ ಮನೆಯಂತೆ ಇಲ್ಲಿ ಗದ್ದಲವಿರಲಿಲ್ಲ. ಕಣ್ಣು, ಕೈ ಬಟ್ಟೆಯ ಮೇಲೆ. ಬಾಯಿ ಬಿಡುವಾಗಿಯೇ ಇರುತ್ತಿತ್ತು. ಬೆಳಿಗ್ಗೆ ಏಳೂವರೆಗೆ ಶುರುವಾದ ಮಾತು ಸಂಜೆ ಗಿರಣಿಯ ಕೂಗಿನವರೆಗೆ ನಡೆಯುತ್ತಿತ್ತು. ಯಾರ ಮನೆಯ ಪರದೆ ಹೊಸದು, ಯಾರ ಗಂಡ ಪಬ್ಬಿನಿಂದ ಎಷ್ಟು ಹೊತ್ತಿಗೆ ಬಂದ, ಹೊಸ ಪಾದ್ರಿಯ ಹಲ್ಲು ಸ್ವಂತದ್ದೋ ಕಟ್ಟಿಸಿದ್ದೋ. ಎನಿಡ್ ಲಂಬ್ ಎಂಬುವಳು ಹದಿನೈದನೆಯ ವಯಸ್ಸಿಗೆ ಆ ಕೋಣೆಗೆ ಸೇರಿದವಳು ಈಗ ನಲವತ್ತೊಂಬತ್ತು ದಾಟಿದ್ದಳು. ಗಂಡ ತೀರಿಕೊಂಡು ಆರು ವರ್ಷ. ಮಕ್ಕಳಿರಲಿಲ್ಲ. ಭಾನುವಾರ ಚಾಪೆಲ್ಲಿನಲ್ಲಿ ನಾಲ್ಕು ಜನರ ಮುಖ ನೋಡುವುದನ್ನು ಬಿಟ್ಟರೆ ಅವಳಿಗೆ ಮಾತೆಂದರೆ ಆ ಕೋಣೆಯ ಮಾತೇ.

ಎನಿಡ್‌ಳ ಬಲಗಡೆಯ ಮೇಜು ರೂಬಿ ಸೈಕ್ಸ್‌ಳದು. ಅದರಾಚೆಯದು ಕ್ಲಾರಿಸ್‌ಳದು. ಕ್ಲಾರಿಸ್‌ಗೆ ಅರವತ್ತಕ್ಕೆ ಇನ್ನು ಹದಿನಾಲ್ಕು ತಿಂಗಳಿತ್ತು. ಕೆಲಸದಲ್ಲಿದ್ದೇ ಅರವತ್ತು ಮುಟ್ಟಿದವರಿಗೆ ಮಾತ್ರ ಗಿರಣಿ ಪಿಂಚಣಿ ಕೊಡುತ್ತಿತ್ತು. ಆದರೆ ಅವಳ ಕಣ್ಣು ಅಷ್ಟು ಕಾಯುವಂತೆ ಕಾಣಲಿಲ್ಲ. ತಿಳಿ ಬಣ್ಣದ ಬಟ್ಟೆಯಾದರೆ ಹೇಗೋ ತಡಕಾಡಿಕೊಂಡು ಮಾಡುತ್ತಿದ್ದಳು. ಕಡುನೀಲಿ ಬಂದರೆ ಮೇಜಿನ ಮೇಲೆ ಕತ್ತಲೆ ಹಾಸಿದಂತೆ ಸುಮ್ಮನೆ ಕೂರುತ್ತಿದ್ದಳು.

ಇದನ್ನು ಮೊದಲು ಕಂಡವಳು ರೂಬಿ. ಉಪಾಯ ಮಾಡಿದವಳು ಥೋರಾ ಹೇಗ್. ಥೋರಾ ಆ ಕೋಣೆಯ ಯಜಮಾನಿ ಎಂದು ಯಾರೂ ನೇಮಿಸಿರಲಿಲ್ಲ. ಅವಳು ಹೇಳಿದ ಮೇಲೆ ಇನ್ನೊಂದು ಮಾತಿರಲಿಲ್ಲ, ಅಷ್ಟೆ. "ಅರವತ್ತು ತುಂಬೋ ತನಕ ಇವಳನ್ನ ಎಳ್ಕೊಂಡು ಹೋಗೋಣ ಕಣ್ರೇ," ಎಂದಿದ್ದಳು. "ಒಬ್ಬೊಬ್ರು ದಿನಕ್ಕೆ ಒಂದೊಂದು ಗಜ ಮಾಡಿದ್ರೆ ಯಾರ ಬೆರಳೂ ಸವೆಯಲ್ಲ." ಅಲ್ಲಿಂದ ಕ್ಲಾರಿಸ್‌ಳ ಕಡುನೀಲಿ ತಾನುಗಳು ಮೇಜಿನಿಂದ ಮೇಜಿಗೆ ಸರಿಯತೊಡಗಿದವು. ರೂಬಿ ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಬಂದು ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಕ್ಲಾರಿಸ್‌ಳ ಸೂಜಿದಿಂಬಿಗೆ ಚುಚ್ಚಿಡುತ್ತಿದ್ದಳು. ಎಂಟು ತಿಂಗಳು ಇದು ಹೀಗೇ ನಡೆಯಿತು.

ಮೇ ತಿಂಗಳ ಒಂದು ಭಾನುವಾರ ಚಾಪೆಲ್ಲಿನಲ್ಲಿ ಚಹಾಕೂಟವಿತ್ತು. ಡಬ್ಬಿ ಮೀನಿನ ಸ್ಯಾಂಡ್‌ವಿಚ್, ಶುಂಠಿ ಕೇಕು, ದೊಡ್ಡ ಪಾತ್ರೆಯಲ್ಲಿ ಚಹಾ. ಮಿಸೆಸ್ ಬ್ರುಕ್ ಎಂಬ ಹಿರಿಯಾಕೆ ಎನಿಡ್‌ಳ ಪಕ್ಕ ಕುಳಿತು ಕಾಲವನ್ನು ಬೈಯುತ್ತಿದ್ದಳು. ಕಾಸು ಬದಲಾಯಿತು, ಹಳೆಯ ಶಿಲ್ಲಿಂಗು ನಾಣ್ಯ ಹೋಯಿತು, ಜನರೂ ಕೆಟ್ಟರು.

"ಈಗ ಒಬ್ಬರಿಗೆ ಒಬ್ಬರು ಆಗೋದೇ ಇಲ್ಲಮ್ಮ. ಎಲ್ಲಾ ಅವರವರ ಹೊಟ್ಟೆ ನೋಡ್ಕೊಳ್ಳೋರೇ."

"ಹಾಗನ್ನಬೇಡಿ ಮಿಸೆಸ್ ಬ್ರುಕ್," ಎಂದಳು ಎನಿಡ್. ಆಕೆಗೆ ತನ್ನ ಕೋಣೆಯ ಹೆಂಗಸರ ಮೇಲೆ ಇದ್ದಕ್ಕಿದ್ದಂತೆ ಹೆಮ್ಮೆ ಉಕ್ಕಿಬಂತು. "ನಮ್ಮಲ್ಲಿ ಬಂದು ನೋಡಿ. ಕಣ್ಣು ಕಾಣದವಳೊಬ್ಬಳನ್ನ ನಮ್ಮ ಹುಡುಗಿಯರು ಅಂಗೈಲಿಟ್ಟು ನಡೆಸ್ಕೊಂಡು ಹೋಗ್ತಿದ್ದಾರೆ." ಸೂಜಿ ಪೋಣಿಸುವುದು, ಗಜ ಗಜವಾಗಿ ಹಂಚಿಕೊಳ್ಳುವುದು, ಎಲ್ಲವನ್ನೂ ಹೇಳಿದಳು. ಮಿಸೆಸ್ ಬ್ರುಕ್‌ಳ ಕಣ್ಣಲ್ಲಿ ನೀರಾಡಿತು. "ದೇವರು ಮೆಚ್ಚೋ ಕೆಲಸ ಅದು," ಎಂದಳು. ಎನಿಡ್ ತೃಪ್ತಿಯಿಂದ ಇನ್ನೊಂದು ತುಂಡು ಕೇಕು ತೆಗೆದುಕೊಂಡಳು. ಮಿಸೆಸ್ ಬ್ರುಕ್‌ಳ ತಂಗಿಯನ್ನು ತಮ್ಮ ಮ್ಯಾನೇಜರ್ ಪಾಗ್ಸನ್ನರು ಮದುವೆಯಾಗಿದ್ದಾರೆಂಬುದು ಎನಿಡ್‌ಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ಹೊತ್ತಿಗೆ ಅದು ನೆನಪಿಗೇ ಬರಲಿಲ್ಲ.

ಒಂಬತ್ತು ದಿನದ ಮೇಲೆ, ಮಂಗಳವಾರ, ಪಾಗ್ಸನ್ ಒಂದು ಕಡುನೀಲಿ ತಾನನ್ನು ಹೊರಿಸಿಕೊಂಡು ರಫೂ ಕೋಣೆಗೆ ಬಂದರು. ಕ್ಲಾರಿಸ್‌ಳ ಸೂಜಿದಿಂಬನ್ನು ಎತ್ತಿ ಪಕ್ಕಕ್ಕಿಟ್ಟು, ಜೇಬಿನಿಂದ ಬರಿಯ ಸೂಜಿಯೊಂದನ್ನು ತೆಗೆದು ಕೊಟ್ಟರು.

"ಒಂದು ಸಲ ದಾರ ಹಾಕಿ ತೋರಿಸಿ, ಮಿಸ್ ಡೈಸನ್."

ಕ್ಲಾರಿಸ್ ದಾರದ ತುದಿಯನ್ನು ನಾಲಿಗೆಗೆ ತಾಗಿಸಿದಳು. ಸೂಜಿಯ ಎಡಕ್ಕೆ ಹೋಯಿತು. ಬಲಕ್ಕೆ ಹೋಯಿತು. ಇಪ್ಪತ್ತೊಂದು ಹೆಂಗಸರು ಉಸಿರು ಬಿಗಿಹಿಡಿದು ನೋಡಿದರು. ಐದಾರು ಸಲ ಆದಮೇಲೆ ಅವಳು ಎರಡನ್ನೂ ಮೇಜಿನ ಮೇಲಿಟ್ಟು ಕೈ ಮಡಿಚಿ ಕುಳಿತಳು.

ಪಾಗ್ಸನ್ ಗದರಲಿಲ್ಲ. ಅವರು ಗದರುವ ಮನುಷ್ಯರಲ್ಲ. "ನಮ್ಮ ಹುಡುಗಿಯರು ದೇವರು ಮೆಚ್ಚೋ ಕೆಲಸ ಮಾಡ್ತಿದ್ರಂತೆ," ಎಂದರು. "ಆದ್ರೆ ನಮ್ಮ ಬಟ್ಟೆ ಕೊಳ್ಳೋನು ದೇವರಲ್ಲವಲ್ಲ."

ಎನಿಡ್‌ಳ ಕೈಯಲ್ಲಿದ್ದ ಚಿಮಟ ಜಾರಿ ಕೆಳಗೆ ಬಿತ್ತು. ಯಾರೂ ಅತ್ತ ನೋಡಲಿಲ್ಲ.

ಶುಕ್ರವಾರ ಕ್ಲಾರಿಸ್ ಹೋದಳು. ಗಿರಣಿಯವರು ಒಂದು ಡಬ್ಬಿ ಬಿಸ್ಕತ್ತು ಕೊಟ್ಟರು. ಅವಳು ಮೆಟ್ಟಿಲಿಳಿದ ಸದ್ದು ನಿಂತ ಕೂಡಲೇ ಥೋರಾ ಸೂಜಿ ಕೆಳಗಿಟ್ಟು ಎದ್ದು ನಿಂತಳು.

"ಇದು ಹೊರಗಿನೋರಿಗೆ ಗೊತ್ತಿರೋ ವಿಷಯ ಅಲ್ಲ. ನಮ್ಮಲ್ಲೇ ಯಾರೋ ಊದಿದ್ದಾರೆ. ಯಾರು?"

ಈಗ ಹೇಳಬೇಕು ಎಂದು ಎನಿಡ್‌ಗೆ ಅನಿಸಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, "ಸೋಮವಾರ ಮಧ್ಯಾಹ್ನ ರೂಬಿ ಪಾಗ್ಸನ್ ಆಫೀಸಿಂದ ಹೊರಗೆ ಬರೋದನ್ನ ನಾನು ನೋಡ್ದೆ," ಎಂದರು.

ಇಪ್ಪತ್ತು ತಲೆಗಳು ತಿರುಗಿದವು.

"ಹೌದೇನೇ ರೂಬಿ?"

"ಹೋಗಿದ್ದೆ," ಎಂದಳು ರೂಬಿ. ಅವಳ ಕತ್ತು ಕೆಂಪಗಾಗಿತ್ತು.

"ಏನಕ್ಕೆ?"

"ಅದು ನನ್ನ ಸ್ವಂತ ವಿಷಯ."

"ಮಾರನೇ ದಿನವೇ ಪಾಗ್ಸನ್ ಸೂಜಿ ಹಿಡ್ಕೊಂಡು ಬಂದ. ಅವನಿಗೆ ಕನಸು ಬಿತ್ತಾ?"

"ನಾನು ಹೇಳಿಲ್ಲ ಥೋರಾ. ಅವಳ ಸೂಜಿ ಪೋಣಿಸ್ತಿದ್ದೋಳು ನಾನು."

"ಅದಕ್ಕೇ ಹೇಳ್ತಿದ್ದೀನಿ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?" ಎಂದಳು ಥೋರಾ. "ಏನಕ್ಕೆ ಹೋಗಿದ್ದೆ ಅಂತ ಒಂದು ಮಾತು ಹೇಳು, ನಾನೇ ಕ್ಷಮೆ ಕೇಳ್ತೀನಿ."

ರೂಬಿ ಬಾಗಿ ತನ್ನ ಬಟ್ಟೆಯ ಎಳೆ ಹುಡುಕತೊಡಗಿದಳು. ಥೋರಾ ಕೋಣೆಯ ಕಡೆಗೆ ತಿರುಗಿ, "ಕವೆಂಟ್ರಿ," ಎಂದಳು. ಒಂದೇ ಪದ.

ಕವೆಂಟ್ರಿ ಅಲ್ಲಿಂದ ನೂರು ಮೈಲಿ ದಕ್ಷಿಣಕ್ಕಿರುವ ಒಂದು ಪಟ್ಟಣ. ರೂಬಿ ಅದನ್ನು ಕಂಡವಳಲ್ಲ. ಯಾರೂ ಅವಳಿಗೆ ಟಿಕೆಟ್ಟು ತೆಗೆಸಿಕೊಡಲಿಲ್ಲ. ಇಂಗ್ಲಿಷರಲ್ಲಿ ಒಬ್ಬರನ್ನು ಕವೆಂಟ್ರಿಗೆ ಕಳಿಸುವುದೆಂದರೆ ಎಲ್ಲರೂ ಸೇರಿ ಅವರೊಂದಿಗೆ ಮಾತು ಬಿಡುವುದು. ಯಾವ ಪಾಪಕ್ಕೆ ಆ ಊರಿಗೆ ಈ ಹೆಸರು ಅಂಟಿತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಆ ಜನಕ್ಕೆ ಇಂಥ ಮಾತುಗಳು ಬಹಳ. ಮುಖ ತಿರುಗಿಸಿದರೆ 'ತಣ್ಣನೆಯ ಭುಜ ಕೊಟ್ಟರು' ಎನ್ನುತ್ತಾರೆ. ಯಾರದೋ ತಪ್ಪನ್ನು ಇನ್ನಾರದೋ ತಲೆಗೆ ಕಟ್ಟಿದರೆ 'ಚೀಲ ಹಿಡಿಸಿ ಹೋದರು' ಎನ್ನುತ್ತಾರೆ. ಕೇಳಲು ಯಾವುದೂ ಕ್ರೂರವಾಗಿಲ್ಲ. ಮಕ್ಕಳ ಆಟದಂತೆ, ರಜೆಯ ಪ್ರಯಾಣದಂತೆ ಕೇಳಿಸುತ್ತವೆ.

ಮೊದಲ ದಿನಗಳಲ್ಲಿ ರೂಬಿ ಅದನ್ನು ಲೆಕ್ಕಕ್ಕಿಡದವಳಂತೆ ನಡೆದುಕೊಂಡಳು. ಬೆಳಿಗ್ಗೆ ಬಂದು ಕೋಟು ನೇತುಹಾಕಿ, "ಗುಡ್ ಮಾರ್ನಿಂಗ್," ಎನ್ನುತ್ತಿದ್ದಳು. ಕೋಣೆ ಸುಮ್ಮನಿರುತ್ತಿತ್ತು. ಎರಡನೆಯ ವಾರದಲ್ಲಿ ಅದನ್ನು ಎನಿಡ್ ಒಬ್ಬಳಿಗೇ ಹೇಳತೊಡಗಿದಳು, ಮೆಲ್ಲಗೆ, ಮುಖ ನೋಡದೆ. ಎನಿಡ್ ತಲೆ ತಗ್ಗಿಸಿ ಗಂಟು ಹುಡುಕುತ್ತಿದ್ದಳು. ಮೂರನೆಯ ವಾರದಲ್ಲಿ ಅದೂ ನಿಂತಿತು.

ಮಾತಿಲ್ಲದೆಯೂ ಎಷ್ಟೆಲ್ಲ ಹೇಳಬಹುದೆಂದು ಎನಿಡ್ ಆ ಬೇಸಿಗೆಯಲ್ಲಿ ಕಂಡಳು. ಚಹಾದ ಲೋಟಗಳ ಸಾಲಿನಿಂದ ರೂಬಿಯ ಲೋಟ ಕಿಟಕಿಯ ಹೊರಗಟ್ಟೆಗೆ ಹೋಯಿತು. ಅವಳು ಕ್ಯಾಂಟೀನಿನಲ್ಲಿ ಬೆಂಚಿನ ತುದಿಗೆ ಕುಳಿತರೆ ಉಳಿದವರು ಒಬ್ಬೊಬ್ಬರಾಗಿ ತಟ್ಟೆ ಎತ್ತಿಕೊಂಡು ಏಳುತ್ತಿದ್ದರು; ಬೆಂಚು ಅವಳ ಭಾರಕ್ಕೆ ಓರೆಯಾಗಿ, ಅವಳು ತಡವರಿಸಿ ನಡುವಿಗೆ ಸರಿದುಕೊಳ್ಳುತ್ತಿದ್ದಳು. ಥೋರಾ ಅವಳ ಮೇಜಿನ ಮೇಲಿಂದಲೇ ಬಾಗಿ ಎನಿಡ್‌ಗೆ ಹೇಳುತ್ತಿದ್ದಳು: "ಈ ಮೇಜು ಖಾಲಿ ಇದೆಯಲ್ಲ, ಕಿಟಕಿ ಗಾಳಿ ನೇರ ನಿನಗೇ ಹೊಡೆಯುತ್ತೆ ನೋಡು. ಶಾಲು ಹೊದ್ಕೋ." ನಗು ಏಳುತ್ತಿತ್ತು. ಎನಿಡ್‌ಳ ತುಟಿಯೂ ತಾನಾಗಿ ಸ್ವಲ್ಪ ಅಗಲವಾಗುತ್ತಿತ್ತು.

ಅವಳು ದಿನವೂ ನಾಳೆ ಹೇಳುತ್ತೇನೆ ಎಂದುಕೊಂಡಳು. ಮೊದಲ ವಾರ ಹೇಳಿದ್ದರೆ ಬಾಯಿ ತಪ್ಪಿದ್ದು ಎನ್ನಬಹುದಿತ್ತು. ಮೂರನೆಯ ವಾರಕ್ಕೆ ಅದು ಹೇಡಿತನವಾಗಿತ್ತು. ಆರನೆಯ ವಾರಕ್ಕೆ ಅದಕ್ಕೇನು ಹೆಸರೆಂದು ಅವಳಿಗೇ ತಿಳಿಯಲಿಲ್ಲ.

ಏಳನೆಯ ವಾರ ಪಾಗ್ಸನ್ನರ ಆಫೀಸಿನಿಂದ ಎನಿಡ್‌ಗೆ ಕರೆ ಬಂತು. ಒಳಗೆ ಹೋದರೆ ರೂಬಿ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು. ಮೇಜಿನ ಮೇಲೆ ಒಂದು ಅಚ್ಚು ಹಾಕಿಸಿದ ಅರ್ಜಿ ಇತ್ತು.

"ಮಿಸೆಸ್ ಸೈಕ್ಸ್ ದೂರು ಕೊಟ್ಟಿದ್ದಾರೆ," ಎಂದರು ಪಾಗ್ಸನ್. "ಸಾಕ್ಷಿಗೆ ನಿಮ್ಮ ಹೆಸರು ಹೇಳಿದ್ದಾರೆ. ನೀವು ಸುಳ್ಳು ಹೇಳೋರಲ್ಲವಂತೆ. ಸರಿ, ಯಾರಾದ್ರೂ ಇವರ ಮೇಲೆ ಕೈ ಮಾಡಿದ್ದಾರಾ?"

"ಇಲ್ಲ ಸಾರ್."

"ಬೈದಿದ್ದಾರಾ? ಹೆದರಿಸಿದ್ದಾರಾ?"

"ಇಲ್ಲ."

"ಇವರ ಕೆಲಸ ಹಾಳು ಮಾಡಿದ್ದಾರಾ? ಬಟ್ಟೆ ಕತ್ತರಿಸಿದ್ದು, ಸೂಜಿ ಬಚ್ಚಿಟ್ಟಿದ್ದು, ಆ ಥರ?"

"ಇಲ್ಲ ಸಾರ್."

"ಮತ್ತೆ ಏನು ಹೇಳಿದ್ರು ಇವರಿಗೆ?"

"ಏನೂ ಹೇಳಿಲ್ಲ," ಎಂದಳು ಎನಿಡ್.

"ಏನೂ ಹೇಳಿಲ್ಲ." ಪಾಗ್ಸನ್ ಪೆನ್ನನ್ನು ಗಲ್ಲಕ್ಕೆ ತಟ್ಟಿಕೊಂಡರು.

"ಅದೇ ನನ್ನ ದೂರು," ಎಂದಳು ರೂಬಿ. ನಾಲ್ಕು ವಾರದಿಂದ ಎನಿಡ್ ಅವಳ ಧ್ವನಿಯನ್ನೇ ಕೇಳಿರಲಿಲ್ಲ. ಸ್ವಲ್ಪ ಒರಟಾಗಿತ್ತು, ಬಳಸದೆ ಇಟ್ಟ ಬಾಗಿಲಿನ ಹಾಗೆ. "ನಾನು ಬದುಕಿದ್ದೀನಿ ಅಂತ ಯಾರೂ ಒಪ್ಪಲ್ಲ ಸಾರ್. ಮೊನ್ನೆ ಬೆರಳಿಗೆ ಸೂಜಿ ನೆಟ್ಟು ರಕ್ತ ಸುರೀತಿತ್ತು. ಬಟ್ಟೆಗೆ ತಾಗುತ್ತೆ ಅಂತ ತಾನನ್ನ ಎಳ್ಕೊಂಡ್ರು. ನನ್ನ ಕೈ ನೋಡಲಿಲ್ಲ."

"ನೋಡಿ ಮಿಸೆಸ್ ಸೈಕ್ಸ್, ನನಗೂ ಬೇಜಾರಿದೆ. ಆದ್ರೆ ಹೆಂಗಸರು ಪರಸ್ಪರ ಮಾತಾಡಬೇಕು ಅಂತ ಗಿರಣಿ ನಿಯಮ ಎಲ್ಲೂ ಇಲ್ಲ. ಕಡಿಮೆ ಮಾತಾಡಿ ಅಂತ ಇದೆ." ಅವರು ಅರ್ಜಿಯನ್ನು ತಿರುಗಿಸಿ ತೋರಿಸಿದರು. "ಇಲ್ಲಿ 'ಅನ್ಯಾಯದ ಸ್ವರೂಪ' ಅಂತ ಒಂದು ಖಾನೆ ಇದೆ. ಅಲ್ಲಿ ಒಂದು ಪದ ಬೇಕು. ಹಲ್ಲೆ, ನಿಂದನೆ, ಬೆದರಿಕೆ. ನಾನೇನಂತ ಬರೀಲಿ?"

"ಕವೆಂಟ್ರಿಗೆ ಕಳಿಸಿದ್ದಾರೆ ಅಂತ ಬರೀರಿ. ಹಾಗೇ ಅಲ್ವಾ ಅನ್ನೋದು."

"ಹಾಗೆ ಬರೆದರೆ ಮೇಲಿನ ಆಫೀಸಿನೋರು ರೈಲು ಚಾರ್ಜು ಎಷ್ಟಾಯ್ತು ಅಂತ ಕೇಳ್ತಾರೆ," ಎಂದು ಪಾಗ್ಸನ್ ನಕ್ಕರು. ಇಬ್ಬರು ಹೆಂಗಸರೂ ನಗದಿದ್ದುದನ್ನು ಕಂಡು ನಗುವನ್ನು ಮಡಚಿಟ್ಟುಕೊಂಡರು.

"ನಾನು ಕ್ಲಾರಿಸ್ ವಿಷಯ ನಿಮಗೆ ಹೇಳಿಲ್ಲ ಅಂತ ನಿಮಗೆ ಗೊತ್ತು," ಎಂದಳು ರೂಬಿ. "ಮೇಲೆ ಬಂದು ಅಷ್ಟು ಒಂದು ಮಾತು ಹೇಳಿ ಸಾರ್. ಸಾಕು."

"ನಾನು ಯಾರಿಂದ ಏನು ಕೇಳಿದೆ ಅನ್ನೋದನ್ನ ಯಾವತ್ತೂ ಹೇಳಲ್ಲ. ಇವತ್ತು ಒಬ್ಬರು ಹೇಳಿಲ್ಲ ಅಂದ್ರೆ, ನಾಳೆ ಇನ್ನೊಬ್ರು ಹೇಳಿದ್ರಾ ಅಂತ ಕೇಳ್ತಾರೆ." ಪಾಗ್ಸನ್ ಕಣ್ಣೆತ್ತಿ ಎನಿಡ್‌ಳನ್ನು ನೋಡಿದರು. ಆ ನೋಟದಲ್ಲಿ ಬೆದರಿಕೆಯಿರಲಿಲ್ಲ. ಒಂದು ಬಗೆಯ ಸೌಜನ್ಯವಿತ್ತು, ಅವಳ ಗುಟ್ಟನ್ನು ಕಾಪಾಡುತ್ತಿರುವ ಸೌಜನ್ಯ. ಅದಕ್ಕಿಂತ ಹೀನವಾದುದನ್ನು ಎನಿಡ್ ಯಾವತ್ತೂ ಕಂಡಿರಲಿಲ್ಲ. ಆದರೂ ಅವಳು ಬಾಯಿ ತೆರೆಯಲಿಲ್ಲ. ರೂಬಿ ಎದ್ದು, ಅರ್ಜಿಯನ್ನು ನಾಲ್ಕಾಗಿ ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹೊರಟುಹೋದಳು.

ಆ ರಾತ್ರಿ ಎನಿಡ್‌ಗೆ ನಿದ್ದೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಕೋಟು ತೆಗೆಯುವ ಮೊದಲೇ ಅವಳು ಕೋಣೆಯ ನಡುವೆ ನಿಂತಳು.

"ರೂಬಿ ಅಲ್ಲ," ಎಂದಳು. "ಹೇಳಿದ್ದು ನಾನು. ಚಾಪೆಲ್ ಚಹಾದಲ್ಲಿ ಮಿಸೆಸ್ ಬ್ರುಕ್ ಹತ್ರ ಹೇಳ್ದೆ. ಕೆಟ್ಟದ್ದಕ್ಕಲ್ಲ, ನಿಮ್ಮನ್ನೆಲ್ಲಾ ಹೊಗಳೋಕೆ ಹೋಗಿ ಹೇಳ್ಬಿಟ್ಟೆ. ಅವಳು ಪಾಗ್ಸನ್ ಹೆಂಡತಿಯ ಅಕ್ಕ. ತಪ್ಪು ನಂದು."

ಎನಿಡ್ ಕಾದಳು. ಬೈಯಲಿ, ಉಗಿಯಲಿ, ತನ್ನ ಲೋಟವನ್ನೂ ಕಿಟಕಿಯ ಗಟ್ಟೆಗೆ ಎಸೆಯಲಿ ಎಂದು ಕಾದಳು.

ಹಿಂದಿನ ಸಾಲಿನಿಂದ ಒಬ್ಬಳು ನಿಟ್ಟುಸಿರು ಬಿಟ್ಟಳು. "ಅಯ್ಯೋ ಪಾಪ. ನಿನ್ನೆ ಆಫೀಸಲ್ಲಿ ಇವಳನ್ನ ಹಿಡ್ಕೊಂಡು ಚೆನ್ನಾಗಿ ಅತ್ತಿರಬೇಕು ಅವಳು."

"ಇಲ್ಲ ಕಣೇ, ನಿಜವಾಗ್ಲೂ..."

"ಎನಿಡ್‌ದು ಬೆಣ್ಣೆಯಂಥ ಮನಸ್ಸು," ಎಂದಳು ಇನ್ನೊಬ್ಬಳು. "ಇಲಿ ಬೋನಿಗೆ ಬಿದ್ರೂ ನಂದೇ ತಪ್ಪು ಅನ್ನೋಳು."

ನಗು ಎದ್ದಿತು, ಪ್ರೀತಿಯ ನಗು. ಯಾರೋ ಅವಳ ಹೆಗಲು ಹಿಡಿದು ಕುರ್ಚಿಗೆ ಕೂರಿಸಿದರು. ಇನ್ನಾರೋ ಸಕ್ಕರೆ ಹೆಚ್ಚು ಹಾಕಿದ ಚಹಾ ತಂದು ಕೈಗಿಟ್ಟರು. ಎನಿಡ್ ಮತ್ತೆ ಹೇಳಿದಳು, ದಿನ ಹೇಳಿದಳು, ಕೇಕಿನ ಹೆಸರು ಸಹ ಹೇಳಿದಳು. ಹೇಳಿದಷ್ಟೂ ಅವರ ಕಣ್ಣಲ್ಲಿ ಮರುಕ ಹೆಚ್ಚಾಯಿತು. ಪಕ್ಕದ ಮೇಜಿನಲ್ಲಿ ರೂಬಿ ತಲೆಯೆತ್ತದೆ ಎಳೆ ಹೊಕ್ಕಿಸುತ್ತಿದ್ದಳು.

ಥೋರಾ ಮಾತ್ರ ನಕ್ಕಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಎನಿಡ್‌ಳನ್ನು ಮೆಟ್ಟಿಲ ತಿರುವಿನಲ್ಲಿ ಅಡ್ಡಗಟ್ಟಿದಳು.

"ನಿಜಾನಾ?"

"ನಿಜ ಥೋರಾ. ಪಾಗ್ಸನ್ ಅಂದಿದ್ದು ನೆನಪಿದ್ಯಾ, ದೇವರು ಮೆಚ್ಚೋ ಕೆಲಸ ಅಂತ? ಅದು ಮಿಸೆಸ್ ಬ್ರುಕ್ ಮಾತು. ನನ್ನ ಎದುರಿಗೆ ಅಂದಿದ್ದು."

ಥೋರಾ ಕಿಟಕಿಯಾಚೆ ಕೆಳಗಿನ ಅಂಗಳದ ಕಡೆ ಮುಖ ತಿರುಗಿಸಿದಳು. ಅವಳ ದೊಡ್ಡ ಮುಖ ಒಮ್ಮೆಲೇ ಮುದಿಯಾದಂತೆ ಕಂಡಿತು.

"ಏಳು ವಾರ," ಎಂದಳು. "ಏಳು ವಾರ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಲ್ಲೇ."

"ಈಗ ನೀನು ಹೇಳು. ನೀನು ಹೇಳಿದ್ರೆ ಕೇಳ್ತಾರೆ."

"ಏನಂತ ಹೇಳ್ಲಿ? ನಾನು ನೋಡದೆ ಮಾಡದೆ ಒಬ್ಬಳನ್ನ ಜೀವಂತ ಹೂಳಿದೆ, ಈಗ ಅಗೆದು ತೆಗೀರಿ ಅಂತಲಾ? ನನಗೆ ನಾಚಿಕೆ ಆಗುತ್ತೆ ಅಂತಲ್ಲ. ಆಗುತ್ತೆ, ಇರ್ಲಿ. ನಿನ್ನೆ ಆ ಬೆಂಚು ಓರೆಯಾದಾಗ ನಕ್ಕರಲ್ಲ, ಅವರಿಗೆ ಈಗ ಕ್ಲಾರಿಸ್ ನೆನಪೂ ಇಲ್ಲ. ಅವರಿಗೆ ಕಾರಣ ಬೇಕಾಗಿಲ್ಲ ಕಣೇ. ಅಭ್ಯಾಸ ಆಗಿಹೋಗಿದೆ." ಅವಳು ಕೈಚೆಲ್ಲಿದಳು. "ಶುರು ಮಾಡೋದು ನನ್ನ ಕೈಲಿತ್ತು. ನಿಲ್ಲಿಸೋದು ನನ್ನ ಕೈಲಿಲ್ಲ."

ಆದರೂ ಥೋರಾ ಪ್ರಯತ್ನಿಸಲಿಲ್ಲವೆಂದು ಹೇಳುವಂತಿಲ್ಲ. ಆ ಮಧ್ಯಾಹ್ನ ಅವಳು ಎಲ್ಲರಿಗೂ ಕೇಳುವಂತೆ, "ರೂಬಿ, ಆ ಸೀಮೆಸುಣ್ಣ ಈ ಕಡೆ ಕೊಡು," ಎಂದಳು. ಕೋಣೆಯಲ್ಲಿ ಗುಸುಗುಸು ಎದ್ದಿತು. ರೂಬಿ ಸೀಮೆಸುಣ್ಣವನ್ನು ತೆಗೆದು ಎದ್ದು ಹೋಗಿ ಥೋರಾಳ ಮೇಜಿನ ಮೇಲಿಟ್ಟು ಬಂದು ಕುಳಿತಳು. "ನೋಡ್ರೇ ಧಿಮಾಕು," ಎಂದಳು ಹಿಂದಿನ ಸಾಲಿನವಳು. "ಥೋರಾ ತಾನಾಗಿ ಮಾತಾಡಿಸಿದ್ರೂ ಬಾಯಿ ಬಿಡಲ್ಲ." ಅಲ್ಲಿಂದ ಇನ್ನೊಂದು ಹೊಸ ಕಾರಣ ಹುಟ್ಟಿತು.

ಶನಿವಾರ ಮಧ್ಯಾಹ್ನ ಎನಿಡ್ ಅಂಗಡಿಯಿಂದ ಒಂದು ಪೊಟ್ಟಣ ಕೇಕು ತೆಗೆದುಕೊಂಡು ರೂಬಿಯ ಮನೆಗೆ ಹೋದಳು. ಗುಡ್ಡದ ಮೇಲಿನ ಸಾಲುಮನೆಗಳಲ್ಲಿ ಕೊನೆಯದು. ಬಾಗಿಲು ತೆರೆದವನು ಒಬ್ಬ ತೆಳ್ಳನೆಯ ಗಂಡಸು. ಮಧ್ಯಾಹ್ನ ಮೂರು ಗಂಟೆಯಾದರೂ ಪೈಜಾಮದ ಮೇಲೆ ಕೋಟು ಹಾಕಿಕೊಂಡಿದ್ದ. ಕೈ ಒಂದೇ ಸಮನೆ ಅಲುಗುತ್ತಿತ್ತು. ರೂಬಿಯ ಗಂಡ ವಿಲ್ಫ್ ಲಾರಿ ಓಡಿಸುತ್ತಾನೆಂದು ಗಿರಣಿಯಲ್ಲಿ ಎಲ್ಲರೂ ತಿಳಿದಿದ್ದರು.

"ನಾನು ಎನಿಡ್," ಎಂದಳು. "ರಫೂ ಕೋಣೆಯಿಂದ."

ಅವನ ಮುಖ ಅರಳಿತು. "ಓ, ಎನಿಡ್! ಬನ್ನಿ ಬನ್ನಿ, ಒಳಗೆ ಬನ್ನಿ. ರೂಬೀ, ಯಾರು ಬಂದಿದ್ದಾರೆ ನೋಡು!"

ರೂಬಿ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ನಿಮ್ಮನ್ನ ನೋಡಬೇಕು ಅಂತ ಎಷ್ಟು ದಿನದಿಂದ ಅಂದ್ಕೋತಿದ್ದೆ," ಎಂದ ವಿಲ್ಫ್, ಅವಳನ್ನು ಬೆಂಕಿಯ ಹತ್ತಿರದ ಕುರ್ಚಿಗೆ ಕೂರಿಸುತ್ತಾ. "ನಾನು ಆಸ್ಪತ್ರೆಯಿಂದ ಬಂದಾಗಿಂದ ನನಗೆ ಇದೇ ಒಂದು ಮಜಾ ನೋಡಿ. ದಿನಾ ಸಂಜೆ ಇವಳು ಬಂದು ನಿಮ್ಮ ಕೋಣೆ ಸುದ್ದಿ ಪೂರ್ತಿ ಹೇಳಲೇಬೇಕು. ಮಂಗಳವಾರ ನೀವು ಪಾದ್ರಿ ಟೋಪಿ ಬಗ್ಗೆ ಅಂದ್ರಂತಲ್ಲ, ಅದರೊಳಗೆ ಕೋಳಿ ಕಾವಿಗೆ ಕೂರಬಹುದು ಅಂತ! ನಕ್ಕೂ ನಕ್ಕೂ ನನಗೆ ಕೆಮ್ಮು ಬಂತು."

ಎನಿಡ್ ರೂಬಿಯ ಕಡೆ ನೋಡಿದಳು. ರೂಬಿಯ ಕಣ್ಣು ಅವಳ ಮೇಲೆ ನೆಟ್ಟಿತ್ತು. ಅದರಲ್ಲಿ ಕೋಪವಿರಲಿಲ್ಲ, ಬೇಡಿಕೆಯಿತ್ತು.

"ಹೌದು," ಎಂದಳು ಎನಿಡ್. "ಆ ಟೋಪಿ... ದೊಡ್ಡದೇ ಅದು."

"ಥೋರಾ ಮಗಳ ಮದುವೆ ಗೊತ್ತಾಯ್ತಾ? ರೂಬಿಗೆ ಕೇಕು ಮಾಡೋಕೆ ಹೇಳಿದ್ದಾರಂತೆ."

ಥೋರಾಗೆ ಮಗಳೇ ಇರಲಿಲ್ಲ. "ಗೊತ್ತಾಯ್ತು," ಎಂದಳು ಎನಿಡ್. "ರೂಬಿ ಬಿಟ್ಟು ಇನ್ಯಾರು ಮಾಡ್ತಾರೆ."

ಒಂದು ಗಂಟೆ ಅವಳು ಅಲ್ಲಿ ಕುಳಿತು ಆಡದ ಮಾತುಗಳನ್ನೆಲ್ಲ ಹೌದೆಂದು ಒಪ್ಪಿಕೊಂಡಳು. ರೂಬಿ ದಿನವೂ ಸಂಜೆ ಗುಡ್ಡ ಹತ್ತುತ್ತಾ ಕಟ್ಟಿದ ಕೋಣೆ ಅದು. ಅಲ್ಲಿ ಎಲ್ಲರೂ ರೂಬಿಯೊಂದಿಗೆ ಮಾತಾಡುತ್ತಿದ್ದರು. ಎನಿಡ್ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದಳು, ಎಲ್ಲರಿಗಿಂತ ಹೆಚ್ಚು ನಗಿಸುತ್ತಿದ್ದಳು.

ರೂಬಿ ಅವಳನ್ನು ಬೀದಿಯ ತುದಿಯವರೆಗೆ ಕಳಿಸಲು ಬಂದಳು.

"ನಾಲ್ಕು ತಿಂಗಳು ಹುಚ್ಚಾಸ್ಪತ್ರೆಯಲ್ಲಿದ್ದ," ಎಂದಳು. "ಬೀದೀಲಿ ಯಾರಿಗೂ ಗೊತ್ತಿಲ್ಲ. ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಕೆ ಗುರುವಾರ ಅರ್ಧ ದಿನ ರಜ ಕೇಳೋಕೆ ಹೋಗಿದ್ದೆ ಪಾಗ್ಸನ್ ಹತ್ರ. ಥೋರಾಗೆ ಹೇಳಿದ್ರೆ ಸಂಜೆ ಒಳಗೆ ಕಣಿವೆಗೆಲ್ಲಾ ಗೊತ್ತಾಗ್ತಿತ್ತು."

"ನೀನು ದೂರು ಕೊಡೋವಾಗಲಾದ್ರೂ..."

"ಅವನ ಹೆಸರು ಆ ಅರ್ಜೀಲಿ ಬರೋದು ಬೇಡ."

"ರೂಬಿ, ನಾನು ಆವತ್ತೇ ಹೇಳಬೇಕಿತ್ತು."

"ನನಗೆ ಗೊತ್ತಿತ್ತು ನೀನೇ ಅಂತ."

ಎನಿಡ್ ನಿಂತಲ್ಲೇ ನಿಂತಳು. "ಯಾವಾಗಿಂದ?"

"ಎರಡನೇ ವಾರದಿಂದ. ಉಳಿದೋರೆಲ್ಲಾ ನನ್ನನ್ನ ನೋಡದೇ ಇರೋಕೆ ಮೊದಲು ಒಂದ್ಸಲ ನೋಡ್ತಿದ್ರು, ಸಿಟ್ಟಿಂದ. ನಿನಗೆ ಮಾತ್ರ ನೋಡೋಕೇ ಆಗ್ತಿರಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ ನೀನು?"

"ಯಾರಿಗೆ ಹೇಳ್ಲಿ ಎನಿಡ್?" ಎಂದಳು ರೂಬಿ. ದನಿಯಲ್ಲಿ ಆಶ್ಚರ್ಯವಿತ್ತು. "ಕೇಳೋರು ಯಾರಿದ್ರು?"

ಎನಿಡ್ ಅಳತೊಡಗಿದಳು. ರೂಬಿ ಸ್ವಲ್ಪ ಹೊತ್ತು ನಿಂತು ನೋಡಿ, "ಕೇಕಿಗೆ ಥ್ಯಾಂಕ್ಸ್. ಅವನಿಗೆ ಇಷ್ಟ ಅದು," ಎಂದು ಹೇಳಿ ತಿರುಗಿ ನಡೆದಳು.

ಆಗಸ್ಟಿನ ರಜೆ ಮುಗಿದು ಗಿರಣಿ ತೆರೆದಾಗ ರೂಬಿ ಬರಲಿಲ್ಲ. ಬೇರೆ ಗಿರಣಿಗಳಲ್ಲಿ ಕೇಳಿದಳಂತೆ. ಎಲ್ಲ ರಫೂ ಕೋಣೆಗಳಲ್ಲೂ ಇಲ್ಲಿಯವರ ಅಕ್ಕತಂಗಿಯರೋ ಅತ್ತಿಗೆಯರೋ ಇದ್ದರು. ಹೆಸರು ಅವಳಿಗಿಂತ ಮೊದಲೇ ಹೋಗಿ ಕುಳಿತಿತ್ತು. ಇಪ್ಪತ್ತೆಂಟು ವರ್ಷ ಕಡುನೀಲಿಯಲ್ಲಿ ಕಡುನೀಲಿ ಎಳೆ ಹುಡುಕಿದ ಆ ಬೆರಳುಗಳು ಕೊನೆಗೆ ಲಾಂಡ್ರಿಯೊಂದರಲ್ಲಿ ಹಾಸಿಗೆ ಹೊದಿಕೆಗಳನ್ನು ಯಂತ್ರಕ್ಕೆ ತುಂಬುವ ಕೆಲಸ ಹಿಡಿದವು. ಅವಳ ಮೇಜಿಗೆ ಹೊಸಬಳೊಬ್ಬಳು ಬಂದಳು. ಥೋರಾ ಮೊದಲಿನಂತೆ ತಮಾಷೆ ಮಾಡುತ್ತಿದ್ದಳು, ಎನಿಡ್‌ಳ ಮುಖ ಮಾತ್ರ ತಪ್ಪಿಸುತ್ತಿದ್ದಳು. ಉಳಿದವರು ಎನಿಡ್‌ಳನ್ನು ಎಂದಿಗಿಂತ ಹೆಚ್ಚು ಅಕ್ಕರೆಯಿಂದ ನೋಡಿಕೊಂಡರು.

ಆಮೇಲೆ ಎಷ್ಟೋ ವರ್ಷ ಎನಿಡ್ ಪೇಟೆಯ ಸಂತೆಯಲ್ಲಿ ರೂಬಿಯನ್ನು ಕಾಣುತ್ತಿದ್ದಳು. ಮೊದಲ ಸಲ ಕಂಡಾಗ ರೂಬಿ ಮುಖ ತಿರುಗಿಸಿ ಹೋಗಬಹುದೆಂದು ಎನಿಡ್ ಅಂದುಕೊಂಡಳು. ಹಾಗಾದರೆ ಒಳ್ಳೆಯದೆಂದೂ ಅನಿಸಿತು. ಆದರೆ ರೂಬಿ ಹಾಗೆ ಯಾವತ್ತೂ ಮಾಡಲಿಲ್ಲ. ಕೈಯಲ್ಲಿದ್ದ ಚೀಲ ಕೆಳಗಿಟ್ಟು ನಿಂತುಕೊಳ್ಳುತ್ತಿದ್ದಳು.

"ಗಾಳಿ ಜೋರಾಗಿದೆ ಇವತ್ತು," ಎನ್ನುತ್ತಿದ್ದಳು.

"ಹೌದು," ಎನ್ನುತ್ತಿದ್ದಳು ಎನಿಡ್. "ವಿಲ್ಫ್ ಹೇಗಿದ್ದಾರೆ?"

"ಪರವಾಗಿಲ್ಲ. ಸಂಜೆಗೆ ಮಳೆ ಬರಬಹುದು."

"ಬರಬಹುದು."

ಎನಿಡ್ ಇನ್ನೊಂದು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ರೂಬಿ ಚೀಲ ಎತ್ತಿಕೊಂಡು, ತಲೆಯಾಡಿಸಿ, ಆಲೂಗಡ್ಡೆ ಅಂಗಡಿಯ ಸಾಲಿಗೆ ಹೋಗಿ ನಿಲ್ಲುತ್ತಿದ್ದಳು.